ಆಚೆ ಒಂದು ಗೇಣು, ಈಚೆ ಒಂದು ಗೇಣು

"ಇಲ್ಯಾಕೆ ನಿಲ್ಲಿಸಿದ್ರಿ?" ಎಂದು ಅವಳು ಗಂಡನನ್ನು ಕೇಳುವಷ್ಟರಲ್ಲಿ ಕಾರಿನ ಹಿಂದಿನ ಬಾಗಿಲು ತೆರೆದು, ಕೈಚೀಲದ ಸಮೇತ ಅಜ್ಜಿಯೊಬ್ಬಳು ಹತ್ತಿ ಕೂತಾಗಿತ್ತು.

ಯಾಕೆ ನಿಲ್ಲಿಸಿದನೋ ಅವನಿಗೂ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ರಸ್ತೆ ಪಕ್ಕದ ತಂಗುದಾಣದಲ್ಲಿ ನಾಲ್ಕು ಜನ ನಿಂತದ್ದು ಕಂಡರೆ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಬೆಳಗಿನಿಂದ ಇದು ಮೂರನೇ ಸಲ. ಹಿಂದಿನ ಎರಡು ಸಲ ಯಾರೂ ಹತ್ತಿರಲಿಲ್ಲ, ಅಷ್ಟೇ.

"ನಡಿಯಪ್ಪಾ, ನೀರಿನ ಟ್ಯಾಂಕ್ ಹತ್ರ ಇಳಿಸು."

"ಅಜ್ಜಿ, ಇದು ಬಾಡಿಗೆ ಗಾಡಿ ಅಲ್ಲ."

"ಮತ್ತೆ ಸ್ಟಾಪಲ್ಲಿ ಯಾಕೆ ನಿಲ್ಲಿಸ್ದೆ?"

ಅವನು ಇಂಡಿಕೇಟರ್ ಹಾಕಿ ಗಾಡಿ ಎತ್ತಿದ.

ಹೆಂಡತಿ ಕಿಟಕಿಯತ್ತ ತಿರುಗಿ ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ. ತನ್ನ ಟೈಲರಿಂಗ್ ಅಂಗಡಿಗೆ ಮಧ್ಯಾಹ್ನಗಳಲ್ಲಿ ಬೀಗ ಹಾಕಿ ಡ್ರೈವಿಂಗ್ ಕಲಿತು, ಐವತ್ತೆರಡನೇ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡವಳು ಅವಳು. ಅರ್ಧ ದಾರಿ ನಿನ್ನದು ಎಂದು ಮಗಳ ಊರಿಗೆ ಹೊರಡುವಾಗ ಗಂಡ ಮಾತು ಕೊಟ್ಟಿದ್ದ. ಆಮೇಲೆ ಸೇತುವೆ ದಾಟಲಿ ಎಂದ. ಲಾರಿಗಳು ಕಮ್ಮಿಯಾಗಲಿ ಎಂದ. ಈಗ, ಗೊತ್ತಿಲ್ಲದ ಊರು, ಇದೊಂದು ಕಳೀಲಿ ಅನ್ನುತ್ತಿದ್ದ. ಇದು ಕಳೆದರೆ ಉಳಿಯುವುದು ಇಪ್ಪತ್ತೇ ಕಿಲೋಮೀಟರು. ಮಗಳ ಮನೆಯ ಮುಂದೆ ಸ್ಟೇರಿಂಗ್ ಹಿಂದಿನಿಂದ ತಾನು ಇಳಿಯಬೇಕು ಎಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಏನಮ್ಮಾ, ತಿರುವಲ್ಲಿ ಇವನು ರಸ್ತೆಯ ಆ ತುದಿಗೆ ಹೋಗಿ ತಿರುಗಿಸ್ತಾನೆ?" ಅಂದಳು ಅಜ್ಜಿ. "ಎದುರಿಗಿನ ಅಂಗಡಿ ಒಳಕ್ಕೇ ನುಗ್ಗಿಸ್ತಾನೆ ಅಂದ್ಕೊಂಡೆ."

"ಬಸ್ಸು ಓಡಿಸ್ತಿದ್ದೋರು ಅಜ್ಜಿ. ಬೆನ್ನ ಹಿಂದೆ ಇನ್ನೂ ಮೂವತ್ತಡಿ ಇದೆ ಅಂದ್ಕೊಂಡಿದಾರೆ."

"ನೀವಿಬ್ರೂ ಸುಮ್ನಿದ್ರೆ ಗಾಡಿ ಓಡಿಸ್ತೀನಿ," ಎಂದ ಗಂಡ.

ಟ್ಯಾಂಕಿನ ಪಕ್ಕದಲ್ಲೊಂದು ಓಣಿ. "ನಡೂಮಧ್ಯದಲ್ಲಿ ನೀಲಿ ಬಾಗಿಲು," ಅಂದಳು ಅಜ್ಜಿ. "ಮಂಡಿ ನೋವು ಕಣಪ್ಪಾ, ಬಾಗಿಲವರೆಗೂ ಬಿಟ್ಟುಬಿಡು."

ಅವನು ಓಣಿಯ ಬಾಯಲ್ಲೇ ನಿಂತುಬಿಟ್ಟ. "ಇದರಲ್ಲಿ ಗಾಡಿ ಹಿಡಿಯಲ್ಲ."

"ದಿನಾ ಹಾಲಿನ ವ್ಯಾನ್ ಬರುತ್ತೆ. ಈ ಕಡೆ ಬಂದು ಆ ಕಡೆ ಹೋಗುತ್ತೆ."

ಅವನು ಎಡಗನ್ನಡಿ ನೋಡಿದ, ಬಲಗನ್ನಡಿ ನೋಡಿದ. ಒಂದಡಿ ಮುಂದೆ ಹೋಗಿ ಮತ್ತೆ ನಿಂತ. ಹಿಂದೆ ಹಾರನ್ನುಗಳು ಶುರುವಾದವು. "ಅಂಕಲ್, ಹೋಗ್ತೀರೋ, ಇಲ್ಲೇ ಸಂಸಾರ ಹೂಡ್ತೀರೋ?" ಎಂದು ಯಾರೋ ಕೂಗಿದರು. ಗಂಡನ ಕಿವಿ ಕೆಂಪಾಯಿತು. ಎಂಥ ಜಾತ್ರೆಯ ಗದ್ದಲದಲ್ಲೂ ತುಂಬಿದ ಬಸ್ಸನ್ನು ಸಲೀಸಾಗಿ ನಡೆಸಿದವನ ಕುತ್ತಿಗೆಯಲ್ಲಿ ಬೆವರಿಳಿಯುವುದನ್ನು ಕಂಡು ಅವಳಿಗೆ ಪಾಪ ಅನ್ನಿಸಿತು.

"ಆಚೆ ಒಂದು ಗೇಣು, ಈಚೆ ಒಂದು ಗೇಣು ಉಳಿಯುತ್ತೆ," ಎಂದಳು ಮೆಲ್ಲಗೆ.

"ನಿಂಗೆ ಹೇಗೆ ಗೊತ್ತು?"

"ಟೇಪ್ ಹಿಡೀದೆ ಅಳತೆ ಹೇಳೋಳು ನಾನು. ನಾನು ಹೊಲಿದ ಯೂನಿಫಾರಂ ಒಂದು ದಿನ ಆದ್ರೂ ನಿಮಗೆ ಬಿಗಿ ಆಗಿತ್ತಾ?"

"ಇಲ್ಲ."

"ಹಾಗಾದ್ರೆ ಇಳೀರಿ."

ಅವನು ಇಳಿದ, ಅವಳು ಅವನ ಸೀಟಿಗೆ ಸರಿದಳು. ಇಳಿದವನು ಸುಮ್ಮನಿರದೆ ಗಾಡಿಯ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಎರಡೂ ಕೈ ಬೀಸತೊಡಗಿದ. "ಬಾ, ಬಾ... ಎಡಕ್ಕೆ... ಏ, ನಿಲ್ಲು ನಿಲ್ಲು." ಅವಳು ಅವನ ಕೈ ನೋಡಲಿಲ್ಲ, ಗೋಡೆ ನೋಡಿದಳು. ಒಮ್ಮೆ ಇಂಜಿನ್ ನಿಂತುಹೋಯಿತು.

"ನಿಧಾನ ತಾಯೀ, ನಂಗೇನೂ ಅವಸರ ಇಲ್ಲ," ಅಂದಳು ಅಜ್ಜಿ.

ನೀಲಿ ಬಾಗಿಲಿಗೆ ಸ್ವಲ್ಪ ಮೊದಲು ಗಂಡ ಗಾಡಿ ನಿಲ್ಲಿಸಲು ಹೇಳಿ, ಮುಂದಿನಿಂದಲೇ ಕೈ ಚಾಚಿ, ಗೋಡೆಗೂ ಕನ್ನಡಿಗೂ ನಡುವೆ ಬೆರಳು ಅಗಲಿಸಿ ಅಳೆದ. ಕಿರುಬೆರಳು ಗೋಡೆಗೆ, ಹೆಬ್ಬೆರಳು ಕನ್ನಡಿಗೆ ತಾಗಿತು. ಮತ್ತೊಮ್ಮೆ ಅಳೆದ.

ಬಾಗಿಲ ಎದುರು ಓಣಿ ಎರಡೂ ಕಡೆ ಕೊಂಚ ಅಗಲವಿತ್ತು, ಗಾಡಿ ಅಲ್ಲಿ ಬಂದು ನಿಂತಿತು. ಅಜ್ಜಿ ಅವನ ಹೆಗಲು ಹಿಡಿದು ಇಳಿದಳು. "ಒಳ್ಳೇವ್ನು ಕಣಪ್ಪಾ ನೀನು. ಆದ್ರೆ ಗಾಡಿ ಅವಳ ಕೈಲಿರ್ಲಿ."

ಓಣಿಯ ಆ ತುದಿಯಲ್ಲಿ ದೊಡ್ಡ ರಸ್ತೆ ಕಾಣುತ್ತಿತ್ತು. ಅವಳು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ಅವನು ಇಳಿ ಅಂದರೆ ತಾನು ಇಳಿದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಅವನು ಅವಳ ಬಾಗಿಲ ಬಳಿ ಬಂದು ಒಂದು ಗಳಿಗೆ ನಿಂತ. ಆಮೇಲೆ ಗಾಡಿ ಬಳಸಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಅಲ್ಲಿ ಕೂತು ಅಭ್ಯಾಸವಿಲ್ಲದ್ದರಿಂದ ಸೀಟ್ ಬೆಲ್ಟಿಗಾಗಿ ತಪ್ಪು ಹೆಗಲ ಮೇಲೆ ತಡಕಾಡಿದ. ಅದು ಸಿಕ್ಕಿ ಬಿಗಿಯಾದ ಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿ, ಬಸ್ಸು ಹೊರಡಲೆಂದು ಕಂಡಕ್ಟರು ತಟ್ಟುವ ಹಾಗೆ, ಬಾಗಿಲನ್ನು ಅಂಗೈಯಿಂದ ಎರಡು ಸಲ ತಟ್ಟಿದ.