ಹಟಕ್ಕೆ ಗೆದ್ದ ಇಪ್ಪತ್ತೈದನೇ ತಾರೀಖು

"ಕಳಿಸಲ್ಲ ಅಂದ್ರೆ ಕಳಿಸಲ್ಲ. ಏನ್ ಮಾಡ್ಕೋತಾನೋ ಮಾಡ್ಕೊಳ್ಳಲಿ!"

ಕೋಸಿನ ಎಲೆಗಳನ್ನು ಬಿಸಿನೀರಿಗೆ ಅದ್ದುತ್ತಲೇ ದೋಕಿಯಾ ಅಜ್ಜಿ ಗುಡುಗಿದರು. ನಾಡಿದ್ದು ಜನವರಿ ಆರು, ಅವರ ಮನೆಯ ಕ್ರಿಸ್ಮಸ್ ಊಟ. ಹಿರಿಯರು ಯುಕ್ರೇನಿನಿಂದ ಕೆನಡಾದ ಕನೋರಾಕ್ಕೆ ಬಂದಾಗಿನಿಂದ, ಹಳೆಯ ಕ್ಯಾಲೆಂಡರಿನ ಪ್ರಕಾರ ಹಬ್ಬ ಅದೇ ದಿನ. ಮೊಮ್ಮಗಳು ಟೆಸ್ಸಾ ಹುಟ್ಟಿದ ಮೇಲೆ ಅವಳಿಲ್ಲದೆ ಆ ಊಟ ನಡೆದದ್ದಿಲ್ಲ. ಆದರೆ ಅವಳ ಅಪ್ಪ ಅಮ್ಮ ಬೇಸಿಗೆಯಲ್ಲಿ ಬೇರೆಯಾಗಿದ್ದರು. ಕೋರ್ಟಿನ ಮಧ್ಯಂತರ ಆದೇಶದ ಪ್ರಕಾರ ಈ ಸಂಜೆಯಿಂದ ಒಂದು ವಾರ ಟೆಸ್ಸಾ ಅಪ್ಪ ಡ್ವೇನ್ ಮನೆಯಲ್ಲಿರಬೇಕು.

ಹಬ್ಬದೂಟಕ್ಕೆ ಅನ್ನ ತುಂಬಿ ಕೋಸಿನ ಎಲೆ ಸುತ್ತಲು ಬಂದಿದ್ದ ಪಕ್ಕದ ಮನೆಯ ವರ್ನಾ, ದೋಕಿಯಾ ಅಜ್ಜಿಯ ಮಗಳೂ ಟೆಸ್ಸಾಳ ಅಮ್ಮನೂ ಆದ ನಾಡಿಯಾಳ ಕಡೆ ತಿರುಗಿದರು. "ನಾಡಿಯಾ, ಜನವರಿ ಆರು ಬೇಕು ಅಂತ ಕೋರ್ಟಲ್ಲಿ ಕೇಳಿದ್ಯೇನೆ?"

"ಡಿಸೆಂಬರ್ ಇಪ್ಪತ್ತೈದಕ್ಕೇ ಅಷ್ಟು ಕಿತ್ತಾಟ ಆಯ್ತು. ಅದು ಅವನ ಹಬ್ಬ, ಕೆಡಿಸ್ಬೇಕು ಅನ್ನಿಸ್ತು. ಆರನೇ ತಾರೀಖು ನೆನಪೇ ಆಗ್ಲಿಲ್ಲ."

"ಅಯ್ಯೋ ದೇವರೇ! ಬೇಡದ ದಿನ ಕಿತ್ಕೊಂಡು ಬೇಕಾದ ದಿನ ಬಿಟ್ಟು ಬಂದ್ಯಾ? ಆವತ್ತು ಇಲ್ಲಿ ಏನ್ ಮಾಡಿದ್ರಿ?"

"ಹಿಂದಿನ ದಿನದ ಸೂಪು ಬಿಸಿ ಮಾಡಿದ್ವಿ," ಎಂದಳು ನಾಡಿಯಾ, ಮೆಲ್ಲಗೆ.

ಅಜ್ಜಿಗೆ ರೇಗಿತು. "ಮಧ್ಯಂತರ ತಾನೇ? ಕೊನೇ ತೀರ್ಪು ಬಂದಾಗ ನೋಡ್ಕೊಳ್ಳೋಣ ಬಿಡು."

"ಕೊನೇ ತೀರ್ಪು ಬರೋವರೆಗೂ ಅದನ್ನೇ ಪಾಲಿಸ್ಬೇಕು ದೋಕಿಯಾ! ನನ್ ಮಗ ಲೈಲ್ ಕೂಡ ಹೀಗೇ ಅಂದ್ಕೊಂಡು ಅವನ ಹುಡುಗನ್ನ ತಾಯಿ ಹತ್ರ ಕಳಿಸದೆ ಇಟ್ಕೊಂಡ. ಜಡ್ಜ್ ಮೊದಲು ಕೇಳಿದ್ದೇ ಆದೇಶ ಯಾಕೆ ಮುರಿದೆ ಅಂತ. ಇದ್ದ ದಿನಗಳೂ ಕಮ್ಮಿ ಆದ್ವು. ಯಾರು ಸರಿ, ಯಾರು ತಪ್ಪು ಅನ್ನೋ ಪಂಚಾಯ್ತಿ ಅಲ್ಲಿಲ್ಲ. ಮಗುಗೆ ಯಾವುದು ಒಳ್ಳೇದು ಅಂತ ನೋಡ್ತಾರೆ. ಹಬ್ಬ ಬೇಕಾದ್ರೆ ಅವನನ್ನೇ ಕೇಳಿ. ಅವನು ಒಪ್ಪದಿದ್ರೆ ವಕೀಲರ ಹತ್ರ ಹೋಗಿ."

"ಅವನನ್ನ ಕೇಳೋದಾ? ಥೂ!" ಎಂದರು ಅಜ್ಜಿ.

ಅಷ್ಟರಲ್ಲಿ ಟೆಸ್ಸಾ ಬಾಗಿಲಿಗೆ ಬಂದು ನಿಂತಳು. ಹಿಮದ ಬೂಟು ಹಾಕಿದ್ದಳು, ಮೈಮೇಲೆ ಮಲಗುವ ಅಂಗಿ.

"ಅಜ್ಜಿ, ನಂಗೆ ಜ್ವರ ಅಂತ ಅಪ್ಪಂಗೆ ಹೇಳು. ಜ್ವರ ಬಂದ್ರೆ ಎಲ್ಲೂ ಹೋಗೋದ್ ಬೇಡ. ಆಗ ಯಾರೂ ಜಗಳ ಆಡಲ್ಲ ಅಲ್ವಾ?"

ಅಜ್ಜಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿ ಮಗುವಿನ ಹಣೆ ಮುಟ್ಟಿದರು. ತಣ್ಣಗಿತ್ತು. ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಮಗಳ ಮೇಲೇ ಹರಿಹಾಯ್ದರು. "ಏನ್ ನೋಡ್ತಾ ಕೂತಿದ್ಯಾ? ಅವನಿಗೆ ಮೆಸೇಜ್ ಹಾಕು! ಬೈಗುಳ ಇಲ್ದೆ!"

ಉತ್ತರ ಬೇಗನೆ ಬಂತು. "ಇಪ್ಪತ್ತೈದಕ್ಕೆ ಎಷ್ಟು ಬೇಡ್ಕೊಂಡೆ. ಈಗ ನಾನು ಒಳ್ಳೆಯವನಾಗ್ಬೇಕಾ?"

"ನೋಡಿದ್ರಾ?" ಎಂದಳು ನಾಡಿಯಾ.

"ಅವನು ಕೇಳಿದ್ದರಲ್ಲಿ ತಪ್ಪೇನಿದೆ?" ಎಂದರು ವರ್ನಾ. "ತಪ್ಪಾಯ್ತು ಅಂತ ಹಾಕು."

ನಾಡಿಯಾ ಹಲ್ಲು ಕಚ್ಚಿಕೊಂಡೇ ಹಾಗೆ ಬರೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಉತ್ತರ ಬಂತು. "ಆರರ ಸಂಜೆ ಕಳಿಸ್ತೀನಿ. ಊಟ ಆದ ತಕ್ಷಣ ವಾಪಸ್. ಮುಂದಿನ ಸಲದಿಂದ ಇಪ್ಪತ್ತೈದು ನಂದು, ಆರು ನಿಂದು. ವಕೀಲರಿಗೆ ಹೇಳಿ ಬರೆಸೋಣ."

ಸಂಜೆ, ಮಗುವನ್ನು ಒಪ್ಪಿಸಬೇಕಾಗಿದ್ದ ಹಾಕಿ ಆಟದ ಮೈದಾನದ ಪಾರ್ಕಿಂಗಿನಲ್ಲಿ ಡ್ವೇನ್ ಕಾರು ನಿಂತಿತ್ತು. ಅಜ್ಜಿ ತಾವೇ ಟೆಸ್ಸಾಳನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದರು.

"ನಿಂಗೆ ಬೇಜಾರಿಲ್ವಾ ಅಜ್ಜಿ?"

"ಇದೆ. ಆದ್ರೆ ಅದು ದೊಡ್ಡೋರ ಬೇಜಾರು, ನೀನು ಹೊರೋದ್ ಬೇಡ. ಅಪ್ಪನ ಜೊತೆ ಚೆನ್ನಾಗಿರು, ಹೋಗು."

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ಮಧ್ಯಂತರ ಆದೇಶವೂ ಆದೇಶವೇ. ಮಗುವಿಗೆ ಅಪಾಯವಿದೆ ಎಂದು ಕಂಡರೆ ತಡಮಾಡದೆ ಪೊಲೀಸರಿಗೂ ವಕೀಲರಿಗೂ ತಿಳಿಸಿ. ಬರೀ ಕೋಪವಾದರೆ ನುಂಗಿಕೊಳ್ಳಿ. ನಿಮಗೆ ಮುಖ್ಯವಾದ ದಿನಗಳನ್ನು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿ. ಬದಲಾವಣೆ ಬೇಕಾದರೆ ಬರವಣಿಗೆಯಲ್ಲಿ ಕೇಳಿ, ಒಪ್ಪಿಗೆ ಸಿಗದಿದ್ದರೆ ಮತ್ತೆ ಕೋರ್ಟಿಗೆ ಹೋಗಿ. ನೀವು ಜಗಳ ಬಿಡಲಿ ಎಂದು ಮಗು ಇಲ್ಲದ ಜ್ವರ ಬರಿಸಿಕೊಳ್ಳುವಂತೆ ಮಾತ್ರ ಮಾಡಬೇಡಿ.