ಮುಸುಕು ಹೊದ್ದ ದರಪಟ್ಟಿ

ಬೆಳಿಗ್ಗೆ ಪೇಟೆಯ ಗೋಡೆಯ ಮೇಲೆ ‘ಬಸ್ ದರ ಏರಿಸುವುದಿಲ್ಲ, ಇದು ನಮ್ಮ ಸರ್ಕಾರದ ಮಾತು’ ಎಂದು ಆಳೆತ್ತರದ ಅಕ್ಷರ ಬರೆದು ಬಂದ ಪೇಂಟರ್, ಮಧ್ಯಾಹ್ನ ತನ್ನ ಅಂಗಡಿಯಲ್ಲಿ ಅದೇ ಕುಂಚ ತೊಳೆದು ಬಸ್ ನಿಲ್ದಾಣದ ಹೊಸ ದರಪಟ್ಟಿ ಬರೆದು ಮುಗಿಸಿದ. ಎಲ್ಲ ದರವೂ ಒಂದೂವರೆ ಪಟ್ಟಾಗಿತ್ತು. ಆದೇಶ ಹೊರಟು ತಿಂಗಳಾಗಿದ್ದರೂ ಮತ ಎಣಿಕೆ ಮುಗಿಯುವವರೆಗೆ ಬೋರ್ಡು ಗೋಣಿಚೀಲದ ಮುಸುಕಿನಲ್ಲೇ ಇರಬೇಕಿತ್ತು.

ನೋಡಲು ಬಂದ ಡಿಪೊ ಅಧಿಕಾರಿ, “ಮೂಲೇಲಿ ನಿನ್ನ ಹೆಸರು ಹಾಕ್ಬೇಡ” ಎಂದ. ಇಪ್ಪತ್ತು ವರ್ಷದಲ್ಲಿ ಹೆಸರಿಲ್ಲದ ಬೋರ್ಡು ಪೇಂಟರ್ ಕೈಯಿಂದ ಒಂದೂ ಹೊರಬಿದ್ದಿರಲಿಲ್ಲ.

“ಇದು ಮೋಸ ಅಲ್ವಾ ಸಾರ್?”

“ಡೀಸೆಲ್ ಏನು ನಿಮ್ಮಪ್ಪ ಹಾಕಿಸ್ತಾನಾ? ಮೂರು ವರ್ಷದಿಂದ ನಷ್ಟ. ಹೋದ ಸಲ ನಿಜ ಹೇಳಿದವರಿಗೆ ಠೇವಣಿನೂ ಉಳೀಲಿಲ್ಲ. ಜನಕ್ಕೇ ಸುಳ್ಳು ಬೇಕು ಕಣಯ್ಯ.”

ಮಾತಿನಲ್ಲಿ ಹುರುಳಿತ್ತು. ಅದಕ್ಕೇ ಪೇಂಟರ್‌ಗೆ ಇನ್ನಷ್ಟು ಮೈ ಉರಿಯಿತು.

ಸಂಜೆ ಅಕ್ಕ ಬಂದಳು. ಪಕ್ಕದ ಬೀದಿಯ ಹೊಲಿಗೆ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದವಳು.

“ನಾಳೆ ಕೆಲಸ ಬಿಡ್ತೀನಿ ಕಣೋ. ಊರಾಚೆ ಫ್ಯಾಕ್ಟರೀಲಿ ಸಂಬಳ ಸ್ವಲ್ಪ ಜಾಸ್ತಿ. ಬಸ್ ದರ ಏರಲ್ಲ ಅಂತ ಗೋಡೆ ಮೇಲೆ ನೀನೇ ಬರೆದಿದ್ದೀಯಲ್ಲ!”

ಪೇಂಟರ್ ಬೋರ್ಡಿನ ಮೇಲಿನ ಗೋಣಿಚೀಲ ಎತ್ತಿದ. ಅಕ್ಕ ಬೆರಳಲ್ಲೇ ಲೆಕ್ಕ ಹಾಕಿದಳು. ಹೆಚ್ಚುವ ಸಂಬಳವನ್ನೆಲ್ಲ ಬಸ್ಸೇ ನುಂಗುತ್ತಿತ್ತು.

“ಥೂ! ಎರಡನ್ನೂ ಒಂದೇ ಕೈಲಿ ಬರೆದ್ಯಾ?”

“ಹೊಟ್ಟೆಪಾಡು, ಅಕ್ಕ.”

“ನಿಂದು ಮಾತ್ರ ಹೊಟ್ಟೆ, ನಮ್ಮದೆಲ್ಲ ಗೋಣಿಚೀಲಾನಾ? ಒಡಹುಟ್ಟಿದವಳು ಅಂತ ನಂಗೆ ತೋರಿಸ್ದೆ. ನನ್ನ ಜೊತೆ ಕೆಲಸ ಬಿಡೋಕೆ ಹೊರಟಿರೋ ಆರು ಜನಕ್ಕೆ ಯಾರು ತೋರಿಸ್ತಾರೆ?” ಅವಳು ಬಾಗಿಲು ದಡಾರನೆ ಎಳೆದುಕೊಂಡು ಹೋದಳು.

ಮತದಾನಕ್ಕೆ ಇನ್ನೂ ಮೂರು ದಿನವಿತ್ತು. ಮರುದಿನ ಬೆಳಿಗ್ಗೆ, ನಿಲ್ದಾಣ ಕಿಕ್ಕಿರಿಯುವ ಮುಂಚೆಯೇ, ಪೇಂಟರ್ ಬೋರ್ಡು ಹೊತ್ತು ತಂದು, ಮುಸುಕು ತೆಗೆದು, ಹಳೆಯದು ತೂಗುತ್ತಿದ್ದ ಮೊಳೆಗೇ ನೇತುಹಾಕಿ ಪಕ್ಕಕ್ಕೆ ಸರಿದು ನಿಂತ. ಜನ ನೆರೆದಾಗ ಅಕ್ಕ ಹೇಳಿದ ಹೊಲಿಗೆಯ ಆರು ಹೆಂಗಸರೂ ಗುಂಪಿನಲ್ಲಿದ್ದರು.

ಆಳುವ ಪಕ್ಷದ ಕರಪತ್ರ ಹಂಚುತ್ತಿದ್ದವನೊಬ್ಬ ಕೂಗಿದ. “ನಂಬಬೇಡಿ! ಎದುರು ಪಕ್ಷದವರ ಕಿತಾಪತಿ ಇದು. ಊರಿನ ಬೋರ್ಡೆಲ್ಲ ಬರೆಯೋನು ನಮ್ಮ ಪೇಂಟರ್. ಎಲ್ಲಿದೆ ಇದರಲ್ಲಿ ಅವನ ಹೆಸರು?”

“ಹೌದಲ್ಲ!” ಎಂದು ಗುಂಪು ತಲೆಯಾಡಿಸಿತು. ದೂರದಿಂದ ಡಿಪೊ ಅಧಿಕಾರಿ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ.

ಹೆಸರು ಹಾಕಿದರೆ ಇನ್ನು ಈ ಊರಿನಲ್ಲಿ ಸರ್ಕಾರಿ ಕೆಲಸ ಸಿಗುವುದಿಲ್ಲವೆಂದು ಪೇಂಟರ್‌ಗೆ ಗೊತ್ತಿತ್ತು. ಗುಂಪು ಸೀಳಿಕೊಂಡು ಮುಂದೆ ಬಂದು, ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಬೋರ್ಡಿನ ಕೆಳಮೂಲೆಯಲ್ಲಿ ಎಂದಿಗಿಂತ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದ.