ಮಿತಿಯೊಳಗಿದೆ

"ನಿಮ್ಮ ಹೆಂಡ್ತಿ ಕಾರ್ಖಾನೆಯೊಳಗೆ ಕಾಲೇ ಇಟ್ಟಿಲ್ಲ ಅಂತೀರಿ. ಹಾಗಾದ್ರೆ ಆಸ್ಬೆಸ್ಟಾಸ್ ಅವರ ಎದೆಗೆ ಹೇಗೆ ಹೋಯ್ತು ಸಾರ್?"

ವಕೀಲರಿಗೆ ಉತ್ತರ ಗೊತ್ತಿತ್ತು. ಅವನ ಬಾಯಿಂದ ಬರಬೇಕಿತ್ತು, ಅಷ್ಟೇ.

"ನನ್ನ ಬಟ್ಟೆಯಿಂದ. ದಿನಾ ಕೊಡವಿ ಒಗೀತಿದ್ಲು. ಹತ್ತೊಂಬತ್ತು ವರ್ಷ."

"ಭೇಷ್," ಎನ್ನುತ್ತ ಬರೆದುಕೊಂಡ ವಕೀಲರು ನಾಲಿಗೆ ಕಚ್ಚಿಕೊಂಡರು. "ಕೇಸಿಗೆ ಅಂದೆ."

ಇವರು ಮೂರನೆಯ ವಕೀಲರು. ಮೊದಲನೆಯವರು ಹೇಳಿದ ಮುಂಗಡ ಕೇಳಿ ಹೆಂಡತಿಯೇ ಎದ್ದು ಬಂದಿದ್ದಳು. ಎರಡನೆಯವರು ಚಹಾ ಕುಡಿಸಿ, ಎಲ್ಲ ಕೇಳಿಸಿಕೊಂಡು, ಕೊನೆಗೆ ತಾವು ಕಾರ್ಖಾನೆಯ ವಕೀಲರೆಂದಿದ್ದರು. ಇವರಿಗೆ ಈಗ ಬಿಡಿಗಾಸೂ ಬೇಡ. ಗೆದ್ದರೆ ಪರಿಹಾರದ ಮೂರರಲ್ಲೊಂದು ಪಾಲು. ಆದ್ದರಿಂದಲೇ ಗೆಲ್ಲುವ ಕೇಸನ್ನು ಮಾತ್ರ ಮುಟ್ಟುತ್ತಿದ್ದರು.

"ಗಾಳಿಯ ಧೂಳು ಅಳೀತಿದ್ದದ್ದು ಯಾರು?"

"ಪ್ರಯೋಗಾಲಯ."

"ಅಂದ್ರೆ?"

"ನಾನು."

ಅಳೆಯುವ ಯಂತ್ರ ಕೆಟ್ಟುಹೋದದ್ದು ಅವನು ಸೇರಿದ ಮೂರನೆಯ ವರ್ಷ. ಹೊಸದು ಬರುವ ತನಕ ಎಂದುಕೊಂಡು ಸೋಮವಾರವೇ ಕೂತು ರಿಜಿಸ್ಟರಿನಲ್ಲಿ ಇಡೀ ವಾರದ ಅಂಕಿ ಬರೆದುಬಿಡುತ್ತಿದ್ದ. ಅನುಮಾನ ಬಾರದಿರಲೆಂದು ಬುಧವಾರ ತುಸು ಹೆಚ್ಚು, ಶನಿವಾರ ತುಸು ಕಡಿಮೆ. ಪುಟದ ಕೆಳಗೆ 'ಮಿತಿಯೊಳಗಿದೆ', ಸಹಿ. ಹೊಸದು ಬರಲೇ ಇಲ್ಲ. ತಪಾಸಣೆಗೆ ಬಂದ ಅಧಿಕಾರಿ ಅವನ ಅಕ್ಷರ ಹೊಗಳಿ ಹೋಗಿದ್ದ. ಇಷ್ಟನ್ನೂ ಅವನು ವಕೀಲರಿಗೆ ಹೇಳಿದ.

"ಕಾರ್ಖಾನೆಯವರು ಆ ರಿಜಿಸ್ಟರನ್ನೇ ಎತ್ತಿ ಹಿಡೀತಾರೆ," ಎಂದರು ವಕೀಲರು. "ಸುಳ್ಳು ಬರೆದೆ ಅಂತ ನೀವು ಅಫಿಡವಿಟ್ ಕೊಟ್ರೆ ಕೇಸು ನಿಲ್ಲುತ್ತೆ. ನಿಮ್ಮ ಕುತ್ತಿಗೆಗೂ ಬರಬಹುದು. ಕೊಡದಿದ್ರೆ ನಾನು ಮುಟ್ಟಲ್ಲ."

"ಅವಳಿಗೆ ಗೊತ್ತಾಗ್ಲೇಬೇಕಾ?"

"ಕೇಸು ಹಾಕೋರು ಅವರು. ಎಲ್ಲಾ ಕಾಗದ ನೋಡೇ ಸಹಿ ಮಾಡ್ಬೇಕು. ಓದೋಕೆ ಬರುತ್ತಲ್ಲ?"

"ನನಗಿಂತ ಚೆನ್ನಾಗಿ."

"ಹಾಗಾದ್ರೆ ಕಷ್ಟ," ವಕೀಲರು ನಕ್ಕರು. "ಐದು ಗಂಟೆಯೊಳಗೆ ಹೇಳಿ. ಕೇಸು ಹಾಕೋ ಗಡುವು ನಾಳೆಗೆ ಮುಗಿಯುತ್ತೆ."

ಅದು ಲಿಫ್ಟ್ ಇಲ್ಲದ ಕಟ್ಟಡ. ಅವನು ಇಳಿದು ಬಂದಾಗ, ಮೇಲೆ ಹತ್ತಲಾರದೆ ಎರಡನೆಯ ಮಹಡಿಯಲ್ಲೇ ಉಸಿರು ಕಟ್ಟಿ ಉಳಿದುಕೊಂಡಿದ್ದ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು.

"ಏನಂದ್ರು ರೀ? ಇವರೂ ಕೈ ಎತ್ತಿದ್ರಾ?"

"ಇಲ್ಲ. ಹೆಚ್ಚುಕಡಿಮೆ ಒಪ್ಪಿದಾರೆ."

"ಹೆಚ್ಚುಕಡಿಮೆ ಅಂದ್ರೆ? ಅರ್ಧ ಕೋಟು ಹಾಕ್ಕೊಂಡು ಕೋರ್ಟಿಗೆ ಬರ್ತಾರಾ?" ಅವಳ ನಗು ಕೆಮ್ಮಾಯಿತು. ಮುಗಿಯುವವರೆಗೆ ಅವನು ಕೈಗಡಿಯಾರ ನೋಡಿದ. ನಾಲ್ಕೂ ಹತ್ತು.

"ಒಂದು ಕಾಗದ ಬೇಕಂತೆ. ಹಳೇದು. ಹುಡುಕ್ಬೇಕು."

"ನೀವು ಕಾಗದ ಕಳ್ಕೊಳ್ಳೋ ಆಸಾಮಿನಾ? ಇರುತ್ತೆ ಬಿಡಿ. ನಡೀರಿ."

ಕಂಬಿ ಹಿಡಿದು ಅವಳು ಮುಂದೆ ಇಳಿದಳು. ಅವಳ ಬೆನ್ನ ತುಂಬ ಗೋಡೆಯ ಸುಣ್ಣ. ಕೊಡವಲೆಂದು ಅವನು ಕೈ ಎತ್ತಿದ. ಕೈ ಗಾಳಿಯಲ್ಲೇ ನಿಂತಿತು.

"ಬೆನ್ನಿಗೇನಾದ್ರೂ ಮೆತ್ತಿದೆಯೇನ್ರೀ?" ತಿರುಗದೆಯೇ ಕೇಳಿದಳು.

"ಏನೂ ಇಲ್ಲ."

ಒಂದೊಂದು ಮೆಟ್ಟಿಲಿಗೂ ಬಿಳಿ ಪುಡಿ ಸಣ್ಣಗೆ ಉದುರುತ್ತಿತ್ತು. ನಡುವೆ ಒಂದು ಮೆಟ್ಟಿಲು ಬಿಟ್ಟು, ಉಸಿರು ಬಿಗಿಹಿಡಿದು, ಅವನು ಹಿಂದೆ ಇಳಿದ.